ಅಗಳಕೊಪ್ಪದ ಉದ್ಧಾರ

ಅಗಳಕೊಪ್ಪವನ್ನು ಉದ್ಧಾರ ಮಾಡಬೇಕೆಂದು ಯೋಗಾನಂದನಿಗೆ ಹೊಳೆದದ್ದು ಯಸಳೂರಿನ ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆಗೆ ಕೂತಿದ್ದವರೊಬ್ಬರು, ನಿಮ್ಮೂರು ಪಾಳೇಗಾರರ ಕಾಲದ್ದಂತಲ್ಲ, ಸುತ್ತಲಿನ ಅಗಳು ಇನ್ನೂ ಹಾಗೇ ಇದೆಯಂತಲ್ಲ ಎಂದು ಕೇಳಿದರಂತೆ. ಹುಟ್ಟಿದಾಗಿನಿಂದ ಅದೇ ಅಗಳಿಗೆ ಮನೆಯ ಕಸ ಸುರಿದುಕೊಂಡು ಬಂದಿದ್ದ ಮನುಷ್ಯನಿಗೆ ಅದು ಇತಿಹಾಸ ಎಂದು ಗೊತ್ತಾಗಲು ಪಾಯಸ ಬಡಿಸುವವರೆಗೆ ಕಾಯಬೇಕಾಯಿತು. ಊಟ ಅರಗುವಷ್ಟರಲ್ಲಿ ಊರಿಗೊಂದು ಪಾರಂಪರಿಕ ಗ್ರಾಮ ಅಭಿವೃದ್ಧಿ ಸಮಿತಿ ಹುಟ್ಟಿಕೊಂಡಿತ್ತು. ಅಧ್ಯಕ್ಷರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಗಂಗಾಮಣಿ ಸುದ್ದಿ ಕೇಳಿ ಮೂಗು ಮುರಿದಳು. ಉದ್ಧಾರ ಮಾಡಲು ಅಗಳಕೊಪ್ಪದಲ್ಲಿ ಇದ್ದದ್ದಾದರೂ ಏನು? ಕೋಟೆ ಎಂದೋ ಮಣ್ಣಾಗಿತ್ತು. ಅದರ ಸುತ್ತ ತೋಡಿದ್ದ ಆಳದ ಕಂದಕ, ಅದೇ ಅಗಳು, ಮಾತ್ರ ಉಳಿದಿತ್ತು. ಒಳಗೆ ಹೆಂಚಿನ ಮನೆಗಳ ಒಂದು ಸಾಲು, ಕಂಬಗಳ ಚಾವಡಿ, ಗಂಗಾಮಣಿಯ ಅಂಗಳದಲ್ಲಿ ಒಂದು ಹಲಸಿನ ಮರ. ಅಗಳು ದಾಟಲು ಬಗನಿ ಮರ ಸೀಳಿ ಹಾಸಿದ ಸಂಕ. ಜೀಪು, ಆಟೋ ಏನೇ ಬಂದರೂ ಆಚೆ ದಂಡೆಯಲ್ಲೇ ನಿಲ್ಲಬೇಕು. ಗೊಬ್ಬರ ಒಳಗೆ ಬರುವುದೂ ಕಾಫಿ ಮೂಟೆ ಹೊರಗೆ ಹೋಗುವುದೂ ತಲೆಯ ಮೇಲೆಯೇ. ಗಂಗಾಮಣಿಯ ಗಂಡ ಸೋಮಯ್ಯನ ಕತ್ತು ಹೊತ್ತೂ ಹೊತ್ತೂ ಒಂದು ಕಡೆಗೆ ವಾಲಿಹೋಗಿತ್ತು.

ಆದರೆ ಆ ಹಲಸಿನ ಮರದ ಮಾತು ಬೇರೆ. ಯಸಳೂರಿನಿಂದ ಕೆ. ಹೊಸಕೋಟೆಯವರೆಗೆ ಎಲ್ಲಿ ಬೇಕಾದರೂ ಕೇಳಿ ನೋಡಿ, ಹಲಸನ್ನು ಮರದಲ್ಲೇ ಹಣ್ಣಾಗಲು ಬಿಡುವ ಧೈರ್ಯ ಯಾರಿಗೂ ಇಲ್ಲ. ಹಣ್ಣಿನ ವಾಸನೆಗೆ ಕಾಡಾನೆ ಮನೆ ಬಾಗಿಲಿಗೇ ಬಂದುಬಿಡುತ್ತದೆ ಎಂದು ಎಳೆಗಾಯಿಯನ್ನೇ ಕಿತ್ತು ಕೆಡವುತ್ತಾರೆ. ಅದಕ್ಕೂ ಬೇಸತ್ತವರು ಮರವನ್ನೇ ಉರುಳಿಸಿದ್ದಾರೆ. ಅಗಳಕೊಪ್ಪದ ಒಳಗೆ ಮಾತ್ರ ಆನೆ ಕಾಲಿಟ್ಟದ್ದಿಲ್ಲ. ಅಗಳಿನ ಅಂಚಿನವರೆಗೆ ಬರುತ್ತಿತ್ತು, ಮುಂಗಾಲಿನಿಂದ ಸಂಕವನ್ನು ಒತ್ತಿ ನೋಡುತ್ತಿತ್ತು, ಅದು ಬಾಗಿದ್ದೇ ತಡ ಹಿಂದಕ್ಕೆ ಹೋಗುತ್ತಿತ್ತು. ಹಾಗಾಗಿ ಗಂಗಾಮಣಿಯ ಹಲಸು ಮರದಲ್ಲೇ ಮಾಗುತ್ತಿತ್ತು. ಹೆಗ್ಗದ್ದೆಯ ನೆಂಟರು ವರ್ಷವೆಲ್ಲ ಮರೆತಿದ್ದು ಹಣ್ಣಿನ ಕಾಲಕ್ಕೆ ಸರಿಯಾಗಿ ಅವಳನ್ನು ನೆನೆಸಿಕೊಳ್ಳುತ್ತಿದ್ದರು. ಅವಳೂ ಅವರೆದುರು ಚೆನ್ನಾಗಿ ಬೀಗುತ್ತಿದ್ದಳು. ಅತ್ತೆ ಭೂತಮ್ಮ ಕೊನೆಯುಸಿರೆಳೆಯುವಾಗ ಒಡವೆ ಎಲ್ಲಿದೆ ಎಂದು ಹೇಳಲಿಲ್ಲ, ಮರ ನೋಡ್ಕೋ ಎಂದಷ್ಟೇ ಹೇಳಿದ್ದಳು. ಆ ಸಿಟ್ಟು ಗಂಗಾಮಣಿಗೆ ಇಂದಿಗೂ ಇದೆ, ಆದರೂ ಮರವನ್ನು ನೋಡಿಕೊಂಡಿದ್ದಳು.

ಸಮಿತಿಯ ಯೋಜನೆ ಏನೆಂದರೆ, ಊರ ಮುಂದಿನ ಅಗಳಿಗೆ ಮಣ್ಣು ತುಂಬುವುದು, ಅದರ ಮೇಲೆ ಇಂಟರ್‌ಲಾಕ್ ಇಟ್ಟಿಗೆ ಹಾಸಿ ಕಾರು ನಿಲ್ಲಿಸಲು ಜಾಗ ಮಾಡುವುದು, ಊರ ಬಾಗಿಲಿಗೆ ಸಿಮೆಂಟಿನ ಕಮಾನು ಕಟ್ಟುವುದು. ಪ್ರವಾಸಿಗರು ಬಗನಿ ಸಂಕದ ಮೇಲೆ ನಡೆಯುವವರಲ್ಲ ಎಂದು ಯೋಗಾನಂದ ಚಾವಡಿಯಲ್ಲಿ ನಿಂತು ವಿವರಿಸಿದ. ಗಂಗಾಮಣಿಗೆ ನಗು ತಡೆಯಲಾಗಲಿಲ್ಲ.

“ಅಲ್ಲ ಕಣೋ, ಅಗಳು ನೋಡಕ್ಕೆ ಬರೋರಿಗೆ ಅಗಳು ಮುಚ್ಚಿ ದಾರಿ ಮಾಡ್ತೀಯಾ?”

ಹಿಂದುಗಡೆಯ ಅಗಳು ಹಾಗೇ ಇರುತ್ತದೆ, ಬೇಕಾದವರು ಅಲ್ಲಿ ನೋಡಿಕೊಳ್ಳುತ್ತಾರೆ ಎಂದು ಅವನು ಸಮಾಧಾನ ಹೇಳಿದ. ಆನೆಯ ಗತಿ ಏನು ಎಂದು ಅವಳು ಕೇಳಿದ್ದಕ್ಕೆ ಕಮಾನಿಗೆ ಕಬ್ಬಿಣದ ಗೇಟು ಬರುತ್ತದೆ ಎಂದ. ಆಮೇಲೆ, ಅವಳ ಬಾಯಿ ಮುಚ್ಚಿಸಲು ಬೇಕಾದ ಒಂದೇ ಮಾತನ್ನು ಮೆಲ್ಲಗೆ ಆಡಿದ. ಇನ್ನು ಮೇಲೆ ಕಾಫಿ ಮೂಟೆಗೆ ಜೀಪು ನಿಮ್ಮ ಅಂಗಳಕ್ಕೇ ಬರುತ್ತದೆ, ಸೋಮಯ್ಯಣ್ಣ ಹೊರುವುದು ತಪ್ಪುತ್ತದೆ. ಗಂಗಾಮಣಿ ಗಂಡನ ಕತ್ತಿನ ಕಡೆ ನೋಡಿದಳು. ಊರಿನಲ್ಲಿ ಬುದ್ಧಿಯಿದ್ದವಳು ತಾನೊಬ್ಬಳೇ ಎಂದು ತಿಳಿದುಕೊಂಡಿದ್ದವಳು ಒಂದು ಜೀಪಿಗೆ ಸೋತಳು. ಮುಂದೆ ಆ ಗಳಿಗೆ ನೆನಪಾದಾಗಲೆಲ್ಲ ಅವಳು ಯೋಗಾನಂದನಿಗಿಂತ ಹೆಚ್ಚಾಗಿ ತನ್ನನ್ನೇ ಬೈದುಕೊಂಡಳು.

ಜೆಸಿಬಿ ಬಂತು. ಪಾಳೇಗಾರನ ಆಳುಗಳು ಎಷ್ಟು ಕಾಲ ತೋಡಿದ್ದರೋ, ಅದನ್ನು ಮುಚ್ಚಲು ಸಂತೆಗೆ ಹೋಗಿ ಬರುವಷ್ಟು ಹೊತ್ತೂ ಹಿಡಿಯಲಿಲ್ಲ. ಇಟ್ಟಿಗೆ ಬಿತ್ತು, ಕಮಾನು ಎದ್ದಿತು, ಅದರ ಮೇಲೆ ಎರಡು ಸಿಮೆಂಟಿನ ನವಿಲುಗಳು ಕೂತವು. ಈ ಊರಿನ ಸುತ್ತ ಪುರಾತನ ಅಗಳೊಂದು ಇದೆ ಎಂದು ಸಾರುವ ಫಲಕವನ್ನು ಸರಿಯಾಗಿ ಮುಚ್ಚಿದ ಅಗಳಿನ ಮೇಲೆಯೇ ನೆಟ್ಟರು. ಉದ್ಘಾಟನೆಗೆ ಬಂದ ದೊಡ್ಡವರು ಪರಂಪರೆಯ ಬಗ್ಗೆ ಮಾತಾಡಿದರು, ಗಂಗಾಮಣಿಯ ಹಲಸಿನ ಹಣ್ಣಿನ ತೊಳೆ ತಿಂದರು, ಬೆರಳಿಗೆ ಅಂಟಿದ ಮೇಣ ಬಿಡಿಸಿಕೊಳ್ಳಲು ಒದ್ದಾಡುತ್ತಾ ಕಾರು ಹತ್ತಿದರು. ಗೇಟು ಎಲ್ಲಿ ಎಂದು ಅವಳು ಕೇಳಿದಾಗ ಅದು ಎರಡನೇ ಹಂತದ ಕಾಮಗಾರಿ ಎಂದು ಗೊತ್ತಾಯಿತು.

ಆನೆ ಎರಡನೇ ಹಂತದವರೆಗೆ ಕಾಯಲಿಲ್ಲ. ಮುಂದಿನ ಹಣ್ಣಿನ ಕಾಲಕ್ಕೆ, ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಸಗಣಿ ಬುಟ್ಟಿ ಹಿಡಿದು ಕೊಟ್ಟಿಗೆಯಿಂದ ಹೊರಬಂದ ಗಂಗಾಮಣಿಗೆ ಕಮಾನಿನಡಿ ಒಂಟಿಸಲಗ ನಿಂತದ್ದು ಕಾಣಿಸಿತು. ಅದು ಮುಂಗಾಲಿನಿಂದ ಇಟ್ಟಿಗೆಯನ್ನು ಒತ್ತಿ ನೋಡಿತು. ಇನ್ನೊಮ್ಮೆ ಒತ್ತಿತು. ಸಮಿತಿಯ ಕೆಲಸ ಗಟ್ಟಿಯಾಗಿದೆ ಎಂದು ಮನವರಿಕೆ ಮಾಡಿಕೊಂಡ ಮೊದಲ ಜೀವ ಅದೇ ಇರಬೇಕು. ನೆಟ್ಟಗೆ ಒಳಗೆ ಬಂದು ಮರದಡಿ ನಿಂತು ತಿನ್ನತೊಡಗಿತು. ಗಂಗಾಮಣಿ ಕೊಟ್ಟಿಗೆಯೊಳಗೆ ಹಸುವಿನ ಮಗ್ಗುಲಲ್ಲಿ ಕುಕ್ಕರಿಸಿ ಬಾಯಿಗೆ ಸೆರಗು ತುರುಕಿಕೊಂಡಳು. ಹಣ್ಣು ಮುಗಿದ ಮೇಲೆ ಆನೆ ಚಾವಡಿಯ ಕಂಬವೊಂದನ್ನು ಮುರಿದು, ಕಮಾನಿಗೆ ಮೈ ಉಜ್ಜಿ ಒಂದು ನವಿಲನ್ನು ಕೆಡವಿ, ಬಂದ ದಾರಿಯಲ್ಲೇ ಹೊರಟುಹೋಯಿತು.

ಸಮಿತಿಗೆ ನವಿಲಿನ ದುಃಖವೇ ದೊಡ್ಡದಾಯಿತು. ಗಂಗಾಮಣಿ ಬಂದವರಿಗೆಲ್ಲ ಮತ್ತೆ ಅಗಳು ತೋಡಿಸಿ ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅವಳೇ ದೋಟಿ ಹಿಡಿದು ಉಳಿದಿದ್ದ ಎಳೆಗಾಯಿಗಳನ್ನೆಲ್ಲ ಕೆಡವಿದಳು. ಹೆಗ್ಗದ್ದೆಯವರನ್ನು ಇದೇ ಕೆಲಸಕ್ಕಾಗಿ ಹೇಡಿಗಳೆಂದು ಆಡಿಕೊಂಡಿದ್ದವಳು ಅವಳೇ. ಆದರೂ ಸಲಗ ಇನ್ನೊಮ್ಮೆ ಬಂತು. ದಾರಿ ಕಲಿತ ಆನೆಗೆ ಈ ಸಲ ಹಣ್ಣಿಲ್ಲ ಎಂದು ಹೇಳಿ ಕಳಿಸುವವರು ಯಾರು? ಹಣ್ಣು ಸಿಗದ ಸಿಟ್ಟಿಗೆ ಅದು ಸೋಮಯ್ಯನ ಕೊಟ್ಟಿಗೆಯ ಒಂದು ಗೋಡೆ ಉರುಳಿಸಿ ಹೋಯಿತು.

ಅವತ್ತೇ ಸಮಿತಿಯವರು ಗಂಗಾಮಣಿಯ ಜಗುಲಿಗೆ ಬಂದು ಕೂತರು. ಯೋಗಾನಂದ ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದ.

“ಮರ ತೆಗೀಬೇಕು ಕಣಕ್ಕಾ. ಅದು ಇರೋ ತನಕ ಆನೆ ಬಿಡಲ್ಲ. ಊರು ಉಳೀಬೇಕಲ್ಲ.”

“ಊರಲ್ಲಿ ಉಸಿರಾಡೋ ಹಳೇದು ಅಂತ ಇರೋದು ಅದೊಂದೇ. ಮಣ್ಣು ತೆಗೆಸು, ಅಗಳು ತೋಡ್ಸು.”

“ಉದ್ಘಾಟನೆ ಆಗಿರೋದನ್ನ ಅಗೆಯಕ್ಕಾಗತ್ತಾ ಮಾರಾಯ್ತಿ?”

ಅವನು ಅದನ್ನು ತಮಾಷೆಗೆ ಹೇಳಿರಲಿಲ್ಲ, ಅದೇ ದೊಡ್ಡ ತಮಾಷೆ. ಸುತ್ತ ಕೂತಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಗಂಗಾಮಣಿ ಗಂಡನತ್ತ ನೋಡಿದಳು. ಸೋಮಯ್ಯ ವಾಲಿದ ಕತ್ತನ್ನು ಇನ್ನಷ್ಟು ವಾಲಿಸಿ, ಊರೆಲ್ಲ ಒಂದು ಮಾತು ಅಂದ ಮೇಲೆ ನಾವೊಬ್ಬರು ಅಡ್ಡ ಬರುವುದು ಚೆನ್ನಾಗಿರಲ್ಲ ಎಂದ. ಮದುವೆಯಾದಂದಿನಿಂದ ಅವನು ಅದೊಂದೇ ಮಾತಿನಲ್ಲಿ ಬದುಕಿದ್ದ. ಅವಳಿಗೆ ಅಳು ಬರಲಿಲ್ಲ, ಅಸಹ್ಯವಾಯಿತು.

ಮರ ಕಡಿಯಲು ಬಂದದ್ದು ಆಂಥೋನಿ. ಅವನ ಅಜ್ಜ ಮಂಗಳೂರು ಕಡೆಯಿಂದ ಬಂದು ಯಸಳೂರಿನಲ್ಲಿ ಹಾಕಿದ ಮರದ ಮಿಲ್ಲು ಈಗ ಅವನದು. ಮರ ಉರುಳಿದಾಗ ಗಂಗಾಮಣಿ ಹೊರಗೆ ಬರಲಿಲ್ಲ. ಒಳಗೆ ಕೂತು ಭೂತಮ್ಮನ ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ದಿಮ್ಮಿಗಳನ್ನೆಲ್ಲ ಸಮಿತಿಯವರು ಚಾವಡಿಯ ಕಂಬಕ್ಕೆಂದೂ ಹೊಸ ಫಲಕಕ್ಕೆಂದೂ ಹಂಚಿಕೊಂಡರು. ಆಂಥೋನಿ ಮಾತ್ರ ಬಾಗಿಲಿಗೆ ಬಂದು, ಒಂದು ದಿಮ್ಮಿ ನಿಮಗೆಂದು ಎತ್ತಿಟ್ಟಿದ್ದೇನೆ, ಮಂಚ ಮಾಡಿಸಲೋ ಬಾಗಿಲು ಮಾಡಿಸಲೋ ಎಂದು ಕೇಳಿದ.

“ಸಂಕಕ್ಕೆ ಒಂದು ಹಲಗೆ ಕೊಯ್ದು ಕೊಡು. ಉದ್ದಕ್ಕಿರ್ಲಿ, ನಾನೊಬ್ಳೇ ಎಳೆಯೋ ಹಂಗಿರ್ಲಿ,” ಎಂದಳು ಗಂಗಾಮಣಿ.

ಆ ಹಲಗೆಯನ್ನು ಅವಳು ಹಿತ್ತಲಿನ ಆಚೆ, ಇನ್ನೂ ಮುಚ್ಚದೆ ಉಳಿದಿದ್ದ ಅಗಳಿಗೆ ಅಡ್ಡ ಹಾಕಿದಳು. ಅಂದಿನಿಂದ ತೋಟಕ್ಕೂ ಅಂಗಡಿಗೂ ಆಲೂರಿನ ಬಸ್ಸಿಗೂ ಅವಳ ಓಡಾಟ ಅದರ ಮೇಲೇ. ಕಮಾನಿನಡಿ ಒಮ್ಮೆಯೂ ಕಾಲಿಡಲಿಲ್ಲ. ಜೀಪು ಅಂಗಳಕ್ಕೆ ಬಂದು ಮೂಟೆ ತುಂಬಿಕೊಂಡು ಹೋಗುವಾಗ ಆ ಕಡೆ ತಿರುಗಿಯೂ ನೋಡಲಿಲ್ಲ. ಊರಿನವರು ಅವಳಿಗೆ ತಲೆ ಕೆಟ್ಟಿದೆ ಎಂದರು. ಸಲಗ ಈಗ ಯೋಗಾನಂದನ ಬಾಳೆಗೆ ಬರುತ್ತಿತ್ತು, ಅದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಪ್ರವಾಸಿಗರು ನಿಜಕ್ಕೂ ಬರತೊಡಗಿದ್ದರು. ಕಮಾನು ಎಲ್ಲ ಊರಲ್ಲೂ ಇರುವಂಥದ್ದು, ಅದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಹಲಗೆ ದಾಟುವ ಹೆಂಗಸನ್ನು ಕಂಡು ಮೊಬೈಲು ತೆಗೆದರು. ಯೋಗಾನಂದನಿಗೆ ಅಷ್ಟು ಸಾಕಾಯಿತು. ಒಂದು ಸಂಜೆ ಗಂಗಾಮಣಿ ತೋಟದಿಂದ ಬರುವಷ್ಟರಲ್ಲಿ ಅಗಳಿನ ಆಚೆ ದಂಡೆಯಲ್ಲಿ ಹೊಸ ಫಲಕ ನಿಂತಿತ್ತು. ‘ಪಾರಂಪರಿಕ ಸಂಕ, ಸಮಿತಿಯಿಂದ ಸಂರಕ್ಷಿತ’ ಎಂದು ಬರೆಸಿ ಬಾಣದ ಗುರುತು ಹಾಕಿಸಿದ್ದ. ಅವಳದೇ ಹಲಸಿನ ಮರದ ಫಲಕ. ಹೊಸದಾಗಿ ಕೊಯ್ದ ಅರಿಶಿನ ಬಣ್ಣ ಇನ್ನೂ ಮಾಸಿರಲಿಲ್ಲ. ಪಕ್ಕದಲ್ಲಿ ನಾಲ್ಕಾರು ಅತಿಥಿಗಳನ್ನು ನಿಲ್ಲಿಸಿಕೊಂಡು ಯೋಗಾನಂದ, ಈ ಸಂಕಕ್ಕೆ ಎಷ್ಟು ತಲೆಮಾರಿನ ಇತಿಹಾಸವಿದೆ ಎಂದು ಕೊಚ್ಚಿಕೊಳ್ಳುತ್ತಿದ್ದ.

ಗಂಗಾಮಣಿ ಅವರ ನಡುವೆಯೇ ಹಾದು, ಹಲಗೆಯ ಮೇಲೆ ಅಗಳು ದಾಟಿ ಈಚೆ ಬಂದಳು. ಸೊಪ್ಪಿನ ಹೊರೆ ಕೆಳಗಿಳಿಸಿದಳು. ಆಮೇಲೆ ಬಗ್ಗಿ ಹಲಗೆಯ ತುದಿ ಹಿಡಿದು ತನ್ನ ಕಡೆಗೆ ಎಳೆಯತೊಡಗಿದಳು. ಆಚೆಯ ತುದಿ ದಂಡೆ ಬಿಟ್ಟು ಅಗಳಿನೊಳಗೆ ಜೋತುಬಿತ್ತು. ಅವಳು ಉಸಿರು ಕಟ್ಟಿ ಪೂರ್ತಿ ಮೇಲಕ್ಕೆಳೆದುಕೊಂಡಳು. ಯೋಗಾನಂದ ಗಾಬರಿಯಾಗಿ, ಅತಿಥಿಗಳು ದಾಟಿ ನೋಡಬೇಕಂತೆ, ಹಲಗೆ ಹಾಕಕ್ಕಾ ಎಂದು ಬೇಡಿಕೊಂಡ.

“ದಾರಿ ಮಾಡಿದೀಯಲ್ಲ, ಅಲ್ಲಿಂದ ಕರ್ಕೊಂಡು ಬಾ,” ಎಂದಳು ಗಂಗಾಮಣಿ. “ಆನೆ ಬರೋದೂ ಅಲ್ಲಿಂದ್ಲೇ.”

ಅತಿಥಿಗಳು ಯೋಗಾನಂದನ ಮುಖ ನೋಡಿದರು. ಅವಳು ಹಲಗೆಯನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ, ಹಸುವಿಗೆ ಸೊಪ್ಪು ಹಾಕಲು ಒಳಗೆ ಹೋದಳು.