ಚೆಂಡುಹೂವಿನ ಕೈಗೆ ರೊಟ್ಟಿ ಸುರುಳಿ

ಮೂಗಮ್ಮ ಹೂವಿನ ಸಾಲಿನ ನಡುವೆ ತಲೆ ತಿರುಗಿ ಬಿದ್ದದ್ದು ಶುಕ್ರವಾರ. ಬಿದ್ದದ್ದಕ್ಕೆ ಅವಳು ಅಷ್ಟೇನೂ ಕಂಗೆಡಲಿಲ್ಲ. ಕಂಗೆಟ್ಟದ್ದು ಎದ್ದು ಕೂತ ಮೇಲೆ ಮೇಸ್ತ್ರಿ ನಾಗರತ್ನ ಆಡಿದ ಮಾತಿಗೆ. ನಾಗರತ್ನ ಕೆಟ್ಟವಳೇನಲ್ಲ. ತಾನೇ ಓಡಿಬಂದು ಬಾಯಿಗೆ ಬೆಲ್ಲದ ನೀರು ಹೊಯ್ದವಳು, ಸೆರಗಿನಲ್ಲಿ ಗಾಳಿ ಬೀಸಿದವಳು. ಆದರೆ ಸಕ್ಕರೆ ಕಾಯಿಲೆಯ ಹೆಂಗಸಿಗೆ ಹೊಲದಲ್ಲಿ ಹೆಚ್ಚುಕಮ್ಮಿಯಾದರೆ ಯಾರಿಗೆ ಉತ್ತರ ಹೇಳಲಿ ಎಂದು ಕೇಳಿದಳು. ಭಾನುವಾರ ಮನೆಯವರನ್ನು ಯಾರನ್ನಾದರೂ ಕರೆದುಕೊಂಡು ಬಾ, ಮಾತಾಡಬೇಕು, ಇನ್ನೊಂದು ಸಲ ಹೀಗಾದರೆ ನೀನು ಟೆಂಪೊ ಹತ್ತುವುದೇ ಬೇಡ ಎಂದುಬಿಟ್ಟಳು.

ಉಡಿಗಾಲ ಊರಿನ ಹೆಂಗಸರನ್ನು ತುಂಬಿಕೊಂಡು ಬೆಳಕು ಹರಿಯುವ ಮೊದಲೇ ಗುಂಡ್ಲುಪೇಟೆ ಕಡೆಯ ಚೆಂಡುಹೂವಿನ ಹೊಲಗಳಿಗೆ ಹೊರಡುವ ಆ ಟೆಂಪೊ ಮೂಗಮ್ಮನ ಪಾಲಿಗೆ ಬರೀ ಟೆಂಪೊ ಅಲ್ಲ. ಗಂಡ ತೀರಿಕೊಂಡ ವರ್ಷ ಮೂಲೆ ಹಿಡಿದು ಕೂತಿದ್ದವಳನ್ನು ಎಬ್ಬಿಸಿ ಹೊರಗೆ ತಂದದ್ದೇ ಅದು. ಅದರಲ್ಲಿ ಅವಳಿಗೆ ಕಿಟಕಿ ಪಕ್ಕದ ಜಾಗವಿತ್ತು, ಹರಟೆ ಹೊಡೆಯಲು ಗೆಳತಿಯರಿದ್ದರು, ದಾರಿಯುದ್ದಕ್ಕೂ ಬೈದಾಡಲು ಮರಿತಾಯಮ್ಮ ಇದ್ದಳು. ಅದೆಲ್ಲ ಬಿಟ್ಟು ಮನೆಯಲ್ಲಿ ಟಿವಿ ನೋಡುತ್ತ ಕೂರುವುದೆ? ಅಯ್ಯೋ, ಅದನ್ನು ನೆನೆದರೇ ಅವಳಿಗೆ ಇನ್ನೊಂದು ಸಲ ತಲೆ ತಿರುಗುತ್ತಿತ್ತು.

ಆದರೆ ತಾನು ಯಾಕೆ ಬಿದ್ದೆ ಎಂಬುದು ಮೂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಚೆಂಡುಹೂ ಬಿಡಿಸಿದವರಿಗೆ ಗೊತ್ತು ಅದರ ಕಹಿ. ಅರ್ಧ ದಿನ ಕಿತ್ತರೆ ಬೆರಳೆಲ್ಲ ಹಳದಿ, ಆಮೇಲೆ ಕಪ್ಪು, ಉಗುರಿನ ಸಂದಿಯಲ್ಲೆಲ್ಲ ಆ ಘಾಟು. ಸೋಪು ಹಾಕಿ ಉಜ್ಜಿದರೂ ಜಪ್ಪಯ್ಯ ಅನ್ನುವುದಿಲ್ಲ. ಹೊಲದಲ್ಲಿ ಕ್ಯಾನಿನ ನೀರು ಕುಡಿಯುವುದಕ್ಕೇ ಸಾಲದು, ಕೈಗೆಲ್ಲಿಂದ ತರುವುದು? ಮಿಕ್ಕ ಹೆಂಗಸರು ಚಿತ್ರಾನ್ನ ತಂದು ಚಮಚದಲ್ಲಿ ತಿಂದುಬಿಡುತ್ತಿದ್ದರು. ಮೂಗಮ್ಮನಿಗೆ ಚಾಮರಾಜನಗರದ ಡಾಕ್ಟರು ಅನ್ನ ಕಡಿಮೆ ಮಾಡು ಎಂದಿದ್ದರು. ಅವಳು ಪೂರ್ತಿ ಬಿಟ್ಟೇಬಿಟ್ಟಿದ್ದಳು. ಉಳಿದದ್ದು ಮುದ್ದೆ. ಮುದ್ದೆಯನ್ನು ಚಮಚದಲ್ಲಿ ಉಣ್ಣುವುದುಂಟೆ? ಬೆರಳಲ್ಲಿ ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ನುಂಗಬೇಕು. ಕಹಿ ಬೆರಳಲ್ಲಿ ಮುರಿದ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಾಲದ್ದಕ್ಕೆ ಡಬ್ಬಿಯಲ್ಲಿ ಮಧ್ಯಾಹ್ನದ ತನಕ ಇದ್ದ ಮುದ್ದೆ ಗಟ್ಟಿಯಾಗಿ ಬಿರಿದಿರುತ್ತಿತ್ತು. ಹಾಗಾಗಿ ಬದುವಿನ ಮೇಲೆ ಕಾದು ಕೂರುತ್ತಿದ್ದ ಕೆಂದು ನಾಯಿಗೆ ಅದನ್ನು ಹಾಕಿ, ಡಬ್ಬಿ ಖಾಲಿ ಮಾಡಿಕೊಂಡು ಮನೆಗೆ ಬರುತ್ತಿದ್ದಳು. ಮಾತ್ರೆಯನ್ನು ಮಾತ್ರ ಒಂದು ದಿನವೂ ಬಿಟ್ಟವಳಲ್ಲ. ಮಾತ್ರೆಯೂ ನುಂಗಿ ಊಟವೂ ಬಿಟ್ಟರೆ ಸಕ್ಕರೆ ಇನ್ನೂ ಬೇಗ ಇಳಿಯುತ್ತದೆ, ಒಳ್ಳೆಯದೇ ಆಯಿತು ಎಂಬುದು ಬೀಳುವ ತನಕ ಅವಳ ಲೆಕ್ಕಾಚಾರ.

ಮನೆಯಲ್ಲಿ ನಿಜ ಹೇಳಬಹುದಿತ್ತಲ್ಲ ಎಂದರೆ, ಅಲ್ಲೇ ಇದ್ದದ್ದು ಪೇಚು. ಸೊಸೆ ಶಿವರಂಜಿನಿ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗುಂಡ್ಲುಪೇಟೆಯ ಹುಡುಗಿ, ಮದುವೆಗೆ ಮುಂಚೆ ಬಂಡೀಪುರದ ಅಂಚಿನ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ಮುದ್ದೆ ತಿರುವಲು ಬಾರದು, ಗಂಟು ಕಟ್ಟುತ್ತಿತ್ತು. ಮೊದಮೊದಲು ಮೂಗಮ್ಮ ಕೇರಿಯೆಲ್ಲ ಕೇಳುವಂತೆ ಆಡಿಕೊಂಡು ನಕ್ಕಿದ್ದಳು. ಹುಡುಗಿ ಎದುರು ಮಾತಾಡದೆ ದಿನಾ ಬೆಳಿಗ್ಗೆ ತಿರುವಿ ತಿರುವಿ ಕಲಿತಳು. ಸಂಜೆ ಖಾಲಿ ಡಬ್ಬಿ ತೆರೆದು ನೋಡಿದಾಗ ಅವಳ ಮುಖ ಅರಳುತ್ತಿತ್ತು. ಆ ಮುಖ ನೋಡಿದ ಮೇಲೆ ನಾಯಿಯ ವಿಷಯ ಹೇಳಲು ಮೂಗಮ್ಮನಿಗೆ ಬಾಯಿ ಬರಲಿಲ್ಲ.

ಭಾನುವಾರ ಶಿವರಂಜಿನಿಯೇ ಟೆಂಪೊ ಹತ್ತಿದಳು. ಬಂದವಳು ಸುಮ್ಮನೆ ಕೂರದೆ ಅತ್ತೆಯ ಪಕ್ಕದ ಸಾಲು ಹಿಡಿದು ಹೂ ಬಿಡಿಸಿದಳು. ಊಟದ ಹೊತ್ತಿಗೆ ಇಬ್ಬರೂ ಬೇವಿನ ಮರದ ಕೆಳಗೆ ಕೂತು ಡಬ್ಬಿ ಬಿಚ್ಚಿದರು. ಅಷ್ಟರಲ್ಲಿ ಆ ಕೆಂದು ನಾಯಿ ಎಲ್ಲಿತ್ತೋ ಏನೋ, ಓಡಿಬಂದು ನೆಟ್ಟಗೆ ಮೂಗಮ್ಮನ ಡಬ್ಬಿಯ ಮುಂದೆ ಬಾಲ ಆಡಿಸುತ್ತ ಕೂತಿತು. ಛೂ ಎಂದರೂ ಕದಲಲಿಲ್ಲ. ಯಾಕೆ ಕದಲೀತು, ಅದರ ಊಟ ಅದು! ಆಚೆ ಕೂತಿದ್ದ ಮರಿತಾಯಮ್ಮ ಕಿಸಕ್ಕನೆ ನಕ್ಕಳು.

ಶಿವರಂಜಿನಿ ನಾಯಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಒಂದು ತುತ್ತು ಮುದ್ದೆ ಮುರಿದು ಬಾಯಿಗಿಟ್ಟುಕೊಂಡಳು. ಮರುಕ್ಷಣವೇ ಥೂ ಎಂದು ಉಗಿದು, ತನ್ನ ಹಳದಿ ಬೆರಳುಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅವಳ ಕಣ್ಣಲ್ಲಿ ನೀರಾಡಿತು.

"ಬಾಯ್ಗ ಸೇರ್ದಿದ್ರ ಸೇರ್ತಾ ಇಲ್ಲ ಅನ್ನಿ ಅತ್ತೆ," ಎಂದಳು. "ನಾಯಿಗ ಗೊತ್ತಿರೋದು ನಂಗ ಗೊತ್ತಿಲ್ಲ ಅಂದ್ರ ಎಂಗೆ?"

ಮೂಗಮ್ಮ ತಲೆ ತಗ್ಗಿಸಿದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯದವಳ ಮುಂದೆ ಏನು ಮಾಡುವುದು? ಶಿವರಂಜಿನಿ ಎದ್ದು ಹೋಗಿ ನಾಗರತ್ನಳ ಹತ್ತಿರ ಮಾತಾಡಿ, ಮುಂದಿನ ಭಾನುವಾರದವರೆಗೆ ನೋಡಿ, ಅತ್ತೆ ಹೊತ್ತಿಗೆ ಸರಿಯಾಗಿ ಉಣ್ಣುವ ಜವಾಬ್ದಾರಿ ನನ್ನದು ಎಂದು ಗಡುವು ಕೇಳಿಕೊಂಡು ಬಂದಳು.

ಸಂಜೆ ಅಡುಗೆಮನೆಯಲ್ಲಿ ಹುಡುಗಿಯ ಗುದ್ದಾಟ ಶುರುವಾಯಿತು. ರೆಸಾರ್ಟಿನಲ್ಲಿ ಸಫಾರಿಗೆ ಹೊರಡುವವರಿಗೆ ಟಾರ್ಟಿಯಾ ಎಂಬ ತೆಳುವಾದ ರೊಟ್ಟಿಯಲ್ಲಿ ಪಲ್ಯ ಇಟ್ಟು, ಸುರುಳಿ ಸುತ್ತಿ, ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರಂತೆ. ಜೀಪಿನಲ್ಲಿ ಕೂತೇ ಕಾಗದ ಸರಿಸಿಕೊಂಡು ತಿನ್ನುತ್ತಿದ್ದರಂತೆ, ಕೈಯೇ ತಾಕುತ್ತಿರಲಿಲ್ಲವಂತೆ. ಆ ಮೈದಾ ರೊಟ್ಟಿ ನಿಮಗೆ ಬೇಡ, ರಾಗಿಯಲ್ಲೇ ನೋಡೋಣ ಎಂದಳು. ಮೊದಲ ರೊಟ್ಟಿ ಸುತ್ತುವಾಗ ಪಟ್ಟನೆ ಮುರಿಯಿತು. ಎರಡನೆಯದೂ ಅಷ್ಟೆ. ಒಂದು ಹಿಡಿ ಗೋಧಿ ಹಿಟ್ಟು ಬೆರೆಸಿ, ಬಿಸಿನೀರಲ್ಲಿ ನಾದಿ, ತೆಳ್ಳಗೆ ಲಟ್ಟಿಸಿ, ಹಂಚಿನಿಂದ ಇಳಿಸಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟ ಮೇಲೆ ಹೇಳಿದಂತೆ ಕೇಳಿತು. ಮುರಿದವನ್ನೆಲ್ಲ ಮೂಗಮ್ಮನ ಮಗ ರಂಗರಾಜು ಸಾರಿಗೆ ಅದ್ದಿಕೊಂಡು ತಿಂದು ಮುಗಿಸಿದ.

ಹುರುಳಿಕಾಳು ರಾತ್ರಿಯೇ ಬೆಂದಿರುತ್ತಿತ್ತು. ಬೆಳಿಗ್ಗೆ ಅದಕ್ಕೆ ನುಗ್ಗೆಸೊಪ್ಪು, ಈರುಳ್ಳಿ ಹಾಕಿ ಬಾಡಿಸಿ, ರೊಟ್ಟಿಯ ಮೇಲೆ ಹರಡಿ, ಕೆಳಗಿನ ಅಂಚು ಮಡಿಚಿ ಸುತ್ತಿದರೆ ಆಯಿತು. ಕಾಗದದ ಬದಲು ಒಲೆಯ ಮೇಲೆ ಬಾಡಿಸಿದ ಬಾಳೆಎಲೆ. ಟೆಂಪೊದವನು ಹಾರ್ನ್ ಹೊಡೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಸೋಮವಾರ ಮಧ್ಯಾಹ್ನ ಮೂಗಮ್ಮ ಬೇವಿನ ಮರದ ಕೆಳಗೆ ಎಲೆಯನ್ನು ಮೇಲಿಂದ ಸುಲಿದು, ಹೆದರಿಕೊಂಡೇ ಕಚ್ಚಿದಳು. ಕಹಿ ಇಲ್ಲ! ರಾಗಿಯ ರುಚಿ, ಕಾಳಿನ ರುಚಿ, ಸೊಪ್ಪಿನ ರುಚಿ. ಹೊಲದಲ್ಲಿ ಉಂಡದ್ದು ಉಂಡ ಹಾಗೆ ಅನ್ನಿಸಿ ಎಷ್ಟು ಕಾಲವಾಗಿತ್ತೋ. ಎಲೆ ಸರಿಸುತ್ತ, ಕಚ್ಚುತ್ತ ಇದ್ದವಳಿಗೆ ಬೆಳಗ್ಗಿನ ಗಡಿಬಿಡಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಸೊಸೆಯ ಮುಖ ಕಣ್ಣ ಮುಂದೆ ಬಂತು. ಹೆತ್ತ ಮಗಳಿದ್ದಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ. ಇಂಥವಳನ್ನೇ ಅಲ್ಲವೇ ತಾನು ಕೇರಿಯಲ್ಲಿ ಆಡಿಕೊಂಡದ್ದು! ನಾಯಿ ಮಾತ್ರ ಮುಖ ಸಪ್ಪೆ ಮಾಡಿಕೊಂಡು ಕೂತಿತ್ತು. ಪಾಪ ಅನ್ನಿಸಿ ಕೊನೆಯ ತುಂಡು ಅದಕ್ಕೆ ಎಸೆದಳು.

ಆ ವಾರ ಅವಳಿಗೆ ಕಣ್ಣು ಕತ್ತಲೆ ಬರಲಿಲ್ಲ, ಕೈ ನಡುಗಲಿಲ್ಲ. ಶನಿವಾರದ ಹೊತ್ತಿಗೆ ಮರಿತಾಯಮ್ಮನೂ ಬಾಳೆಎಲೆಯ ಪೊಟ್ಟಣ ಹಿಡಿದು ಬಂದಿದ್ದಳು, ರೊಟ್ಟಿ ಮುರಿದು ಪಲ್ಯವೆಲ್ಲ ಮಡಿಲಿಗೆ ಬಿತ್ತು ಅನ್ನುವುದು ಬೇರೆ ಮಾತು. ಭಾನುವಾರ ನಾಗರತ್ನ ಟೆಂಪೊ ಬಾಗಿಲಲ್ಲಿ ನಿಂತು, ಕಿಟಕಿ ಪಕ್ಕದ ಜಾಗ ಬಿಡಿ, ಮೂಗಮ್ಮ ಬರುತ್ತಾಳೆ ಎಂದಳು. ಅಷ್ಟೇ. ಅಷ್ಟು ಸಾಕಾಗಿತ್ತು.

ಆ ಸಂಜೆ ಮೂಗಮ್ಮ ಸೊಸೆಯನ್ನು ಒಲೆಯ ಹತ್ತಿರ ಬಿಡಲಿಲ್ಲ. ತಾನೇ ಮುದ್ದೆ ತಿರುವಿದಳು. ಆ ಮನೆಯಲ್ಲಿ ಮಡಕೆಯಿಂದ ತೆಗೆದ ಮೊದಲ ಮುದ್ದೆ ಗಂಡಸಿನ ತಟ್ಟೆಗೆ, ಹಿಂದೆ ಅವಳ ಗಂಡನಿಗೆ, ಈಗ ಮಗನಿಗೆ. ರಂಗರಾಜು ಎಂದಿನಂತೆ ತಟ್ಟೆ ಮುಂದಕ್ಕೆ ತಳ್ಳಿದ. ಮೂಗಮ್ಮ ಅವನನ್ನು ದಾಟಿ ಹೋಗಿ, ಹಬೆಯಾಡುವ ಮುದ್ದೆಯನ್ನು ಶಿವರಂಜಿನಿಯ ತಟ್ಟೆಗೆ ಇಟ್ಟಳು.

"ಮೊದ್ಲು ಮುದ್ದೆ ನಿಂದು ಕಣಮ್ಮಿ," ಎಂದಳು. "ಬಿದ್ದೋಗಿದ್ದೋಳ್ನ ಎತ್ತಿ ನಿಲ್ಸ್‌ಬುಟ್ಟೆ. ನಿನ್ ಋಣ ತೀರ್ಸಕ ಆಗಲ್ಲ ನಂಗ."

ಶಿವರಂಜಿನಿ ಕಣ್ಣೊರೆಸಿಕೊಂಡು ಮುದ್ದೆ ಮುರಿದಳು, ಸಾರಿನಲ್ಲಿ ಹೊರಳಿಸಿ ನುಂಗಿದಳು. ಇನ್ನೊಂದು ತುತ್ತು ಮುರಿಯುತ್ತಿದ್ದವಳ ಬೆರಳು ನಿಂತಿತು. ಅತ್ತೆಯ ಮುಖ ನೋಡಿದಳು. ಮೆಲ್ಲಗೆ ಹೇಳಿಯೇಬಿಟ್ಟಳು.

"ಅತ್ತೆ, ಗಂಟದ."

ಮೂಗಮ್ಮ ಬಗ್ಗಿ ಸೊಸೆಯ ತಟ್ಟೆಯಿಂದಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಗಂಟು ಇತ್ತು, ಸುಳ್ಳಲ್ಲ. ಮುದ್ದೆ ತಿರುವುವಾಗ ಅವಳ ಕಣ್ಣು ಮಂಜಾಗಿತ್ತು, ಏನು ಮಾಡುವುದು.

"ಊಂ ಕಣಮ್ಮಿ, ಗಂಟದ," ಎಂದು ಒಪ್ಪಿಕೊಂಡು, ಅಲ್ಲೇ ಸೊಸೆಯ ಪಕ್ಕ ಊಟಕ್ಕೆ ಕೂತಳು.