ಹನ್ನೊಂದು ಹೆಸರು

ಜಯನಗರದ ನಮ್ಮ ಪಾರ್ಕಿಗೆ ಪೊಲೀಸರ ಕ್ಯಾಮೆರಾ ಬಂದದ್ದು ನನ್ನಿಂದಲೇ. ಹಾಲು ತರಲು ಹೋದಾಗ ಯಾರೋ ಬೈಕಿನಲ್ಲಿ ಬಂದು ನನ್ನ ಸರ ಕಿತ್ತುಕೊಂಡು ಹೋದ ಮೇಲೆ ಮನೆಮನೆ ಅಲೆದು ಕ್ಯಾಮೆರಾ ಬೇಕೆಂಬ ಅರ್ಜಿಗೆ ಸಹಿ ಹಾಕಿಸಿದೆ. ವಾಕಿಂಗ್ ಗೆಳತಿ ಚೂಡಾಮಣಿ ಮಾತ್ರ ಹಾಕಲಿಲ್ಲ. ಇವತ್ತು ಕಳ್ಳನನ್ನು ನೋಡುವ ಕ್ಯಾಮೆರಾ ನಾಳೆ ನಮ್ಮನ್ನೂ ನೋಡುತ್ತದೆ ಎಂದಳು. ತಪ್ಪು ಮಾಡದವರಿಗೆ ಏನು ಭಯ ಎಂದು ಅವಳ ಬಾಯಿ ಮುಚ್ಚಿಸಿದೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು, ವಾದದಲ್ಲಿ ಸೋತು ಅಭ್ಯಾಸವಿಲ್ಲ.

ಕಳ್ಳನೇನೂ ಸಿಗಲಿಲ್ಲ. ಈ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡಲು ಪಾರ್ಕಿನ ಅಂಚಿನ ಮರಗಳನ್ನು ಕಡಿಯುತ್ತಾರೆಂದು ಸುದ್ದಿ ಬಂತು. ಒಂದು ಬೆಳಿಗ್ಗೆ ನಮ್ಮ ವಾಕಿಂಗ್ ಗುಂಪಿನ ಹನ್ನೊಂದು ಜನ ಮರಗಳ ಮುಂದೆ ಬೋರ್ಡ್ ಹಿಡಿದು ಸುಮ್ಮನೆ ನಿಂತರು. ನನಗೆ ಅವತ್ತು ನೆಗಡಿ, ಹೋಗಲಿಲ್ಲ.

ಎರಡು ದಿನ ಬಿಟ್ಟು ಠಾಣೆಯಿಂದ ಫೋನ್ ಬಂತು. ಸರದ ವಿಷಯವಿರಬೇಕೆಂದು ಓಡಿದೆ. ಸಬ್ ಇನ್ಸ್‌ಪೆಕ್ಟರ್ ನನ್ನ ಹಳೆಯ ವಿದ್ಯಾರ್ಥಿ. ಕಾಫಿ ತರಿಸಿದ, ನನ್ನ ಜ್ಞಾಪಕಶಕ್ತಿಯನ್ನು ಹೊಗಳಿದ, ಕ್ಯಾಮೆರಾದ ಚಿತ್ರವೊಂದನ್ನು ತೋರಿಸಿದ.

"ಮಿಸ್, ನಿಮ್ಗೆ ಏರಿಯಾದವ್ರೆಲ್ಲ ಗೊತ್ತಲ್ಲ. ಇವ್ರೆಲ್ಲ ಯಾರು?"

ಹಾಜರಿ ಕೂಗುವ ಹಾಗೆ ಎಡದಿಂದ ಬಲಕ್ಕೆ ಹನ್ನೊಂದು ಹೆಸರನ್ನೂ ಹೇಳಿದೆ, ಯಾರ ಮನೆ ಯಾವ ಕ್ರಾಸಿನಲ್ಲಿ ಎಂಬುದನ್ನೂ ಸೇರಿಸಿ. ಒಂದರಲ್ಲೂ ತಡವರಿಸಲಿಲ್ಲವೆಂದು ಹೆಮ್ಮೆಯಿಂದ ಆಟೋ ಹತ್ತಿದೆ. ಇಂಥ ದಡ್ಡತನವನ್ನು ನನ್ನ ಕ್ಲಾಸಿನಲ್ಲಿ ಯಾರಾದರೂ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಆ ವಾರವೇ ಹನ್ನೊಂದು ಮನೆಗೂ ನೋಟಿಸ್ ಬಂತು. ಅನುಮತಿ ಇಲ್ಲದೆ ಗುಂಪು ಸೇರಿದ್ದಕ್ಕೆ ಠಾಣೆಗೆ ಬಂದು ಹೇಳಿಕೆ ಕೊಡಬೇಕಂತೆ. ಹೆಸರು, ವಿಳಾಸ ಕೊಟ್ಟವರು ನಮ್ಮೊಳಗೇ ಇದ್ದಾರೆಂದು ಪಾರ್ಕಿನಲ್ಲಿ ಪಿಸುಪಿಸು ಶುರುವಾಯಿತು. ಅನುಮಾನ ನಮ್ಮ ಗುಂಪಿನವಳೇ ಆದ ಲತಾಮಣಿಯ ಮೇಲೆ ಬಿತ್ತು. ಅವಳ ಗಂಡ ಸರ್ಕಾರಿ ನೌಕರ, ಅವಳೂ ಅವತ್ತು ಬಂದಿರಲಿಲ್ಲ. ಅವಳು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು, ಬೆಂಚಿನ ಖಾಲಿ ಜಾಗದಲ್ಲಿ ಯಾರಾದರೂ ಬ್ಯಾಗ್ ಇಟ್ಟುಬಿಡುತ್ತಿದ್ದರು. ಒಮ್ಮೆ ನಾನೂ ಇಟ್ಟೆ.

ನಾಲ್ಕನೆಯ ದಿನ ಲತಾಮಣಿ ಎಲ್ಲರೆದುರು ಅತ್ತುಬಿಟ್ಟಳು. ನನಗೆ ನಾಚಿಕೆಯಾಯಿತು.

"ಅವಳಲ್ಲ, ಹೇಳಿದ್ದು ನಾನು" ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಚೂಡಾಮಣಿ ಮೆಲ್ಲಗೆ ಕೇಳಿದಳು. "ಸತ್ಯಭಾಮಾ, ಆ ನಿನ್ನ ಶಿಷ್ಯ ನಾಳೆ ಮತ್ತೆ ಕರೆದ್ರೆ ಹೋಗ್ತೀಯಾ?"

"ಪೊಲೀಸ್ನೋರು ಕರೆದ್ರೆ ಹೋಗ್ದೆ ಇರೋಕಾಗತ್ತೇನೇ?"

ಅವಳು ತಲೆಯಾಡಿಸಿ ಎದ್ದಳು. ಈಗಲೂ ದಿನಾ ಜೊತೆಯಲ್ಲೇ ನಡೆಯುತ್ತೇವೆ. ನಾನಿದ್ದರೆ ಶುಗರ್ರು, ಸೊಪ್ಪಿನ ರೇಟು, ಮೊಮ್ಮಕ್ಕಳು, ಇಷ್ಟೇ ಮಾತು. ಮೊನ್ನೆ ಅವರೆಲ್ಲ ಮರಗಳ ಹತ್ತಿರ ಮತ್ತೆ ನಿಂತಿದ್ದರಂತೆ, ಈ ಸಲ ಲತಾಮಣಿಯೂ. ನನಗದು ಗೊತ್ತಾದದ್ದು ಠಾಣೆಯಿಂದ ಫೋನ್ ಬಂದಾಗ.