ಎರಡು ವಾರಕ್ಕೆಂದು ಬಿಚ್ಚಿದ ಇಂಜಿನ್

1998ರ ಫೆಬ್ರವರಿ 11, ಬುಧವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಹಾನುಬಾಳಿನ ಆಚೆ, ಎಸ್ಟೇಟಿನ ಹಳ್ಳದ ಸೇತುವೆಯಿಂದ ಮೇಲಿನ ಗೇಟಿಗೆ ಹೋಗುವ ಏರಿನ ನಡುವೆ, ಮೂವತ್ತಾರು ವರ್ಷಗಳ ಮೇಲೆ ರಸ್ತೆಗಿಳಿದ ಕಾರು ಎರಡು ಸಲ ಬಿಕ್ಕಳಿಸಿ ನಿಂತುಬಿಟ್ಟಿತು. ಹಿಂದೆಯೇ ನಡೆದು ಬರುತ್ತಿದ್ದ ಗುಂಡಯ್ಯ ಹೊತ್ತು ತಂದಿದ್ದ ಕಲ್ಲನ್ನು ಚಕ್ರಕ್ಕೆ ಅಡ್ಡ ಕೊಟ್ಟ.

"ಕೊಟ್ಟೀನಿ ಅಮ್ಮಾವ್ರೆ, ಬ್ರೇಕು ಬುಡಿ!"

ಮಂಜು ಇನ್ನೂ ಕಾಫಿ ಗಿಡಗಳ ಮೇಲೆಯೇ ಕೂತಿತ್ತು. ಅದರೊಳಗೆ ಕಡುನೀಲಿ ಕಾರು, ಯಾರೋ ಕನಸಿನಲ್ಲಿ ತಂದು ನಿಲ್ಲಿಸಿ ಮರೆತು ಹೋದಂತೆ ಕಾಣುತ್ತಿತ್ತು. 1940ರ ಪ್ಲಿಮತ್. ಅಮೆರಿಕದಲ್ಲಿ ಊರೂರು ತಿರುಗಿ ಸರಕು ಮಾರುವವರಿಗೆಂದೇ ಮಾಡಿದ ಬಿಸಿನೆಸ್ ಕೂಪೆ. ಇರುವುದು ಮುಂದಿನ ಒಂದು ಉದ್ದ ಸೀಟು ಮಾತ್ರ. ಹಿಂದೆ, ಸೀಟಿರಬೇಕಾದ ಜಾಗವನ್ನೂ ನುಂಗಿಕೊಂಡ ಡಿಕ್ಕಿ. "ನೆಂಟ್ರು ಹತ್ಕಂಡಾರು ಅಂತ್ಲೇ ಗೌಡ್ರು ಇಂಥಾದ್ನ ತಂದವ್ರೆ" ಎಂದು ಕೂಲಿ ಲೈನಿನ ಜನ ಆ ಕಾಲದಲ್ಲಿ ನಗುತ್ತಿದ್ದರು.

ಸಕಲೇಶಪುರದ ಮೆಕ್ಯಾನಿಕ್ ಗಣೇಶ್ ಬಾನೆಟ್ ಎತ್ತಿ, ಆರು ಸಿಲಿಂಡರುಗಳ ಒತ್ತಡವನ್ನೂ ಒಂದೊಂದಾಗಿ ಅಳೆದ. ಸ್ಟೀರಿಂಗ್ ಬಿಟ್ಟು ಇಳಿದ ಎಸ್ಟೇಟಿನ ಒಡತಿ ಹೇಮಶ್ರೀ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆರರಲ್ಲೂ ಎಪ್ಪತ್ತೈದು ಪೌಂಡು. ಇರಬೇಕಾದದ್ದು ನೂರಾ ಹದಿನೈದು.

"ಸವೆದು ಹೋಗ್ಬುಟ್ಟೈತೆ ಮೇಡಂ" ಎಂದ ಗಣೇಶ್. "ಶುಕ್ರವಾರ ಜೀಪು ತರ್ತೀನಿ, ಎತ್ಕಂಡೋಗಿ ಗುಜರಿಗೆ ಹಾಕಿ ಒಂದು ಡೀಸೆಲ್ ಇಂಜಿನ್ ಕೂರ್ಸಾನ. ಗುಂಡಣ್ಣ, ನಿನ್ ಇಂಜಿನ್ನಿಗೆ ಪಿಂಚಣಿ ಕೊಟ್ಬುಡು ಮಾರಾಯ."

"ನಿಮ್ಮಪ್ಪ ಚಡ್ಡಿ ಹಾಕೋ ಮೊದ್ಲಿಂದ ಓಡ್ತಾ ಐತೆ ಕಣೋ ಇದು" ಎಂದ ಗುಂಡಯ್ಯ. ಆದರೆ ಮಾತಿಗೆ ಕಾವಿರಲಿಲ್ಲ.

ಹೇಮಶ್ರೀ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. "ಸವೆಯೋದು ಹೀಗೆ ಆರೂ ಒಂದೇ ಸಮ ಸವೆಯುತ್ತಾ ಗುಂಡಣ್ಣ?" ಎಂದು ಮಾತ್ರ ಕೇಳಿದರು. ಅವರು ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಅಪ್ಪ ಹೋದ ಮೇಲೆ ತೋಟ ನೋಡಿಕೊಳ್ಳಲು ಬಂದವರು. ಕಾರನ್ನು ಎರಡು ವರ್ಷ ಬಿಚ್ಚಿ ಜೋಡಿಸಿದ್ದರು, ಪ್ರತಿ ನಟ್ಟಿಗೂ ಚೀಟಿ ಅಂಟಿಸಿ ಬಾಟಲಿಗೆ ಹಾಕಿದ್ದರು. ಬಿಚ್ಚದೆ ಉಳಿದದ್ದು ಒಂದೇ, ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಇಂಜಿನ್ನಿನ ಹೆಡ್ಡು. "ಅದ್ಕೆ ಕೈ ಹಾಕ್ಬ್ಯಾಡಿ, ಬೋಲ್ಟು ಮುರಿದಾವು. ಒಳಗೆಲ್ಲ ಸರಿಯಾಗೈತೆ" ಎಂದು ಗುಂಡಯ್ಯನೇ ತಡೆದಿದ್ದ. ಅವನ ಮಾತಿನ ಮೇಲೆ ಬಿಟ್ಟಿದ್ದರು.

ಈಗ ಅವನು ಕಲ್ಲು ಸರಿಯಾಗಿ ಕೂತಿದೆಯೇ ಎಂದು ಇನ್ನೊಮ್ಮೆ ಬಗ್ಗಿ ನೋಡಿದ.

1962ರ ಹಣ್ಣು ಕೊಯ್ಲಿನ ನಡುವೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಇಂಜಿನ್ ಕೈಕೊಟ್ಟಾಗ, ಲಿಂಗಪ್ಪಗೌಡರು ತಮ್ಮ ಕಾರಿನ ಇಂಜಿನ್ನನ್ನೇ ಬಿಚ್ಚಿಸಿ ಅಲ್ಲಿ ಕೂರಿಸಿದ್ದರು. ಎರಡೇ ವಾರಕ್ಕೆ, ಎಂದು ಹತ್ತು ವರ್ಷದ ಮಗಳು ಹೇಮಶ್ರೀಗೆ ಹೇಳಿದ್ದರು. ಎರಡು ವಾರ ಮೂವತ್ತಾರು ವರ್ಷವಾಯಿತು. ಕಾರು ಕೊಟ್ಟಿಗೆಯ ಪಕ್ಕ ನಿಂತು, ಡಿಕ್ಕಿಯಲ್ಲಿ ಕೋಳಿಗಳು ಮೊಟ್ಟೆ ಇಟ್ಟವು. ಇಂಜಿನ್ ಪಲ್ಪರ್ ಓಡಿಸುವ ಗುಂಡಯ್ಯನ ಪಾಲಿಗೆ ಬಂತು. ಈಗಷ್ಟೇ ಹೇಮಶ್ರೀ ಅದನ್ನು ಮತ್ತೆ ಕಾರಿಗೆ ಕೂರಿಸಿದ್ದರು.

ಆ ಕಾರಿನಲ್ಲಿ ಅವನು ಒಂದು ದಿನವೂ ಕೂತವನಲ್ಲ. ಆದರೆ ಪಲ್ಪರ್ ಮನೆಯ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದರೆ, ಇಂಜಿನ್ನಿನ ಸದ್ದು ರಸ್ತೆಯಾಗುತ್ತಿತ್ತು. ಹೆಂಗಸರು ಒಮ್ಮೆಲೇ ಹೆಚ್ಚು ಹಣ್ಣು ಸುರಿದರೆ ಸದ್ದು ಭಾರವಾಗುತ್ತಿತ್ತು. ಅದು ಹೆತ್ತೂರಿನ ಏರು. ಹಣ್ಣು ಮುಗಿದು ಸದ್ದು ಹಗುರಾದರೆ ಆಚೆಯ ಇಳಿಜಾರು, ಕೆಳಗೆ ಗದ್ದೆ, ಗದ್ದೆಯ ಮೇಲೆ ಬೆಳ್ಳಕ್ಕಿ. ಹಣ್ಣಿನ ಸಿಪ್ಪೆಯ ಸಿಹಿ ಹುಳಿ ವಾಸನೆಯಲ್ಲಿ ಅವನು ಹೀಗೆ ಎಷ್ಟೋ ಊರು ದಾಟಿದ್ದ. ಇದನ್ನು ಒಮ್ಮೆ ನಾಚುತ್ತಲೇ ಹೇಳಿದಾಗ ಹೇಮಶ್ರೀ ನಗದೆ ಲೆಕ್ಕ ಹಾಕಿದ್ದರು. ವರ್ಷಕ್ಕೆ ಐವತ್ತು ದಿನ, ದಿನಕ್ಕೆ ಐದು ಗಂಟೆ, ಗಂಟೆಗೆ ನಲವತ್ತು ಕಿಲೋಮೀಟರು. "ಗುಂಡಣ್ಣ, ಇದು ರಸ್ತೆ ಮೇಲಿದ್ದಿದ್ದರೆ ಇಷ್ಟು ಹೊತ್ತಿಗೆ ಭೂಮಿಯನ್ನ ಒಂಬತ್ತು ಸುತ್ತು ಬರ್ತಿತ್ತು."

"ಹಂಗಾರೆ ನಾನೂ ಬಂದಂಗಾಯ್ತು" ಎಂದಿದ್ದ ಗುಂಡಯ್ಯ.

ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ಕೆಂಚಮ್ಮ ಅಲ್ಯುಮಿನಿಯಂ ಡಬರಿಯಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದಳು. "ಒಲೆಯಿಂದ ಇಳಿಸೋದ್ರಾಗೆ ಆರ್ಹೋಯ್ತದೆ. ನಮ್ಮವ್ವ ಕೊಟ್ಟ ತಾಮ್ರದ ಹಂಡೆ ಇದ್ದಿದ್ರೆ ಸಂಜೆಗಂಟ ಬಿಸಿ ಇರ್ತಿತ್ತು. ತಿಂದ್ಲು ನಿನ್ ತಂಗಿ."

ಇಪ್ಪತ್ನಾಲ್ಕು ವರ್ಷದ ಮಾತು. ಹಂಡೆ ಕಾಣೆಯಾದ ವಾರವೇ ಗುಂಡಯ್ಯನ ತಂಗಿ ಲಿಂಗಮ್ಮ ಗಂಡನ ಊರು ಪಾಳ್ಯದಿಂದ ಬಂದು ಹೋಗಿದ್ದಳು. ಅಂದಿನಿಂದ ಕೆಂಚಮ್ಮ ಪಾಳ್ಯದ ಹೊಸ್ತಿಲು ತುಳಿದಿರಲಿಲ್ಲ. ಲಿಂಗಮ್ಮನ ಮಗಳ ಮದುವೆಗೂ ಗುಂಡಯ್ಯ ಒಬ್ಬನೇ ಹೋಗಿದ್ದ.

ಅವನು ಉಣ್ಣದೆ ಎದ್ದ. "ಬಾ ನನ್ ಜೊತೆ" ಎಂದ.

"ಎಲ್ಲಿಗೆ?"

"ನಿನ್ ಹಂಡೆ ತೋರಿಸ್ತೀನಿ."

ಶೆಡ್ಡಿನಲ್ಲಿ ಹೇಮಶ್ರೀ ಒಬ್ಬರೇ, ಏರಿನಿಂದ ವಾಪಸ್ ತಳ್ಳಿ ತಂದಿದ್ದ ಕಾರಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಗುಂಡಯ್ಯ ಇಂಜಿನ್ನಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದ. 1974ರ ಜನವರಿ. ಎಲ್ಲೂ ಪೆಟ್ರೋಲ್ ಇಲ್ಲ. ಗೌಡರು ಬೆಂಗಳೂರಿನಲ್ಲಿ. ಕೊಯ್ದ ಹಣ್ಣು ರಾಶಿ ಬಿದ್ದು ಬಿಸಿಯಾಗುತ್ತಿತ್ತು. ಇದ್ದದ್ದು ಸೀಮೆಎಣ್ಣೆ.

"ಇದ್ಕೆ ಸೀಮೆಎಣ್ಣೆ ಕುಡಿಸಿದ್ರೆ ಕೈ ಮುರೀತೀನಿ ಅಂದಿದ್ರು ಗೌಡ್ರು. ಕುಡಿಸ್ದೆ. ಒಳಗೆ ಸುತ್ತಿಗೆಲಿ ಹೊಡ್ದಂಗೆ ಬಡ್ಕೊಳ್ಳಾಕೆ ಸುರು ಮಾಡ್ತು. ಹೆಡ್ಡು ಸ್ವಲ್ಪ ಎತ್ತರಿಸಿದ್ರೆ ಒತ್ತಡ ತಗ್ಗಿ ಸುಮ್ಕಾಯ್ತದೆ ಅಂತ ಗೊತ್ತಿತ್ತು. ಎತ್ತರಿಸಾಕೆ ತಾಮ್ರ ಬೇಕಾಗಿತ್ತು. ಇವಳ ಹಂಡೆ ಕುಯ್ದು, ತಟ್ಟಿ, ಮೂರು ಪದ್ರ ಹಾಕ್ದೆ."

ಗುಂಡಯ್ಯ ಹೆಡ್ಡಿನ ಅಂಚನ್ನು ಬೆರಳಿನಿಂದ ತೋರಿಸಿದ.

"ಗೌಡ್ರು ವಾಪಸ್ ಬಂದು ಕಿವಿಗೊಟ್ಟು ಕೇಳಿದ್ರು. ‘ಸ್ವರ ಯಾಕೋ ಮೆತ್ತಗಾಗೈತಲ್ಲ ಗುಂಡ’ ಅಂದ್ರು. ‘ವಯಸ್ಸಾಯ್ತಲ್ಲ ಗೌಡ್ರೆ’ ಅಂದೆ. ಪೆಟ್ರೋಲ್ ಬಂದ್ಮೇಲೂ ತೆಗೀಲಿಲ್ಲ. ತೆಗೆದ್ರೆ ಸ್ವರ ತಿರ್ಗಿ ಗಟ್ಟಿಯಾಗ್ತದೆ, ಸಿಕ್ಕಿ ಬೀಳ್ತೀನಿ ಅಂತ. ಇಂಜಿನ್ ಸವೆದಿಲ್ಲ ಅಮ್ಮಾವ್ರೆ. ನಾನೇ ಕತ್ತು ಹಿಸುಕಿ ಇಟ್ಟಿರೋದು."

ಕೆಂಚಮ್ಮ ಇಂಜಿನ್ನಿನತ್ತ ನೋಡಿದಳು, ಗಂಡನತ್ತ ನೋಡಲಿಲ್ಲ. "ಲಿಂಗಮ್ಮನ ಮಗಳ ಧಾರೆಗೂ ನಾ ಹೋಗ್ಲಿಲ್ಲ" ಎಂದಳು. ಆಮೇಲೆ ಸೆರಗು ಕೊಡವಿಕೊಂಡು ಹೊರಟುಹೋದಳು.

ಅಪ್ಪನ ಕಿವಿ ಹೇಮಶ್ರೀಗೆ ಗೊತ್ತಿತ್ತು. ದೂರದ ಟಾರು ರಸ್ತೆಯಲ್ಲಿ ಹೋಗುವ ಬಸ್ಸಿನ ಸದ್ದು ಕೇಳಿಯೇ ಡ್ರೈವರ್ ಯಾರೆಂದು ಹೇಳುತ್ತಿದ್ದವರು. "ಅಪ್ಪನಿಗೆ ಗೊತ್ತಾಗಿರಲಿಲ್ಲ ಅಂತೀರಾ?" ಎಂದರು. ಎದ್ದು ಹೋಗಿ, ಸ್ಪ್ಯಾನರ್ ಪೆಟ್ಟಿಗೆಯನ್ನು ಎಳೆದು ತಂದರು.

ಇಪ್ಪತ್ತೊಂದು ಬೋಲ್ಟುಗಳು. ಒಂದೊಂದಕ್ಕೂ ಎಣ್ಣೆ ಬಿಟ್ಟು, ಕಾಯಿಸಿ, ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಗುರುವಾರವೆಲ್ಲ ಅದೇ ಆಯಿತು. ಹತ್ತೊಂಬತ್ತನೆಯದು ಕಿರುಗುಟ್ಟಿದಾಗ ಇಬ್ಬರೂ ಉಸಿರು ಹಿಡಿದರು. ಅದೂ ಬಂತು. ಹೆಡ್ಡು ಎತ್ತಿದರೆ, ಮಸಿಯ ನಡುವೆ ಮೂರು ಪದರ ತಾಮ್ರ. ಮೇಲಿನ ಪದರದ ಅಂಚಿನಲ್ಲಿ ಹಂಡೆಯ ಕಂಠದ ಗೆರೆ ಇನ್ನೂ ಮಾಸಿರಲಿಲ್ಲ. ಶುಕ್ರವಾರ ಬಂದ ಗಣೇಶ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದ್ರಾಗೆ ಇಪ್ಪತ್ನಾಲ್ಕು ವರ್ಷ ಸ್ನಾನ ಮಾಡಿಸಿದ್ಯಲ್ಲ ಗುಂಡಣ್ಣ ಇಂಜಿನ್ನಿಗೆ!" ಎಂದು ನಕ್ಕು, ಜೀಪನ್ನು ಖಾಲಿಯಾಗಿ ವಾಪಸ್ ಒಯ್ದ. ಶನಿವಾರ ಹೆಡ್ಡಿನ ಕೆಳಗೆ ಹಾಕುವ ಹೊಸ ಗ್ಯಾಸ್ಕೆಟ್ ತಂದುಕೊಟ್ಟವನೂ ಅವನೇ.

ಭಾನುವಾರ ಬೆಳಗ್ಗೆ ಇಂಜಿನ್ ಹೊತ್ತಿಕೊಂಡಾಗ ಗುಂಡಯ್ಯನಿಗೆ ಅದು ತನ್ನದೆನ್ನಿಸಲಿಲ್ಲ. ಆಳವಾದ, ಗಟ್ಟಿಯಾದ, ಹಳೆಯ ಸ್ವರ. ಮದುವೆಯಾದ ಹೊಸದರಲ್ಲಿ ಕೇಳಿದ್ದು. ಅವನು ಅಭ್ಯಾಸದಂತೆ ಕಲ್ಲು ಎತ್ತಿಕೊಂಡ.

"ಕಲ್ಲು ಬಿಡಿ. ಹತ್ತಿ" ಎಂದರು ಹೇಮಶ್ರೀ.

ಸೇತುವೆಯ ಬಳಿ ಕೆಂಚಮ್ಮ ನಿಂತಿದ್ದಳು. ನಾಲ್ಕು ದಿನದಿಂದ ಗಂಡನ ಜೊತೆ ಮಾತು ಬಿಟ್ಟವಳು, ಅವನು ಹೊಸ್ತಿಲಲ್ಲಿ ತಂದಿಟ್ಟಿದ್ದ ತಾಮ್ರದ ತಗಡುಗಳನ್ನು ಉಜ್ಜಿ ತೊಳೆದು ಎದೆಗೆ ಒತ್ತಿಕೊಂಡಿದ್ದಳು. ಯಾರೂ ಕರೆಯುವ ಮೊದಲೇ ಬಾಗಿಲು ತೆಗೆದು, "ಸರ್ಕ, ಹಂಡೆ ಕಳ್ಳ" ಎಂದು ಗುಂಡಯ್ಯನನ್ನು ನಡುವಿಗೆ ತಳ್ಳಿ ಕೂತಳು.

ಒಂದೇ ಸೀಟು, ಮೂವರು. ಏರು ಶುರುವಾಗುತ್ತಿದ್ದಂತೆ ಸದ್ದು ಭಾರವಾಯಿತು. ಗುಂಡಯ್ಯ ತನಗರಿವಿಲ್ಲದೆ ಕಣ್ಣು ಮುಚ್ಚಿದ. ಹಣ್ಣಿನ ಸಿಪ್ಪೆಯ ವಾಸನೆ ಬಂದಂತಾಯಿತು. ಬುಧವಾರ ಕಲ್ಲು ಕೊಟ್ಟ ಜಾಗ ಇಲ್ಲೇ ಎಲ್ಲೋ ಬರಬೇಕು. ಕಾದ. ಸದ್ದು ಮುರಿಯಲಿಲ್ಲ. ಕಣ್ಣು ಬಿಟ್ಟಾಗ ಸಿಲ್ವರ್ ಓಕ್ ಮರಗಳು ಮಂಜಿನಿಂದ ಒಂದೊಂದಾಗಿ ಎದ್ದು ಬಂದು, ಹಿಂದಕ್ಕೆ ಸರಿದು ಹೋಗುತ್ತಿದ್ದವು. ಅವು ನಿಜವಾಗಿಯೂ ಸರಿದು ಹೋಗುತ್ತಿದ್ದವು.

ಗೇಟಿನ ಬಳಿ ಕಾರು ನಿಂತಿತು. ಇಂಜಿನ್ ಆರಿಸಲು ಯಾರಿಗೂ ಮನಸ್ಸಾಗಲಿಲ್ಲ. ಕೆಂಚಮ್ಮ ತೊಡೆಯ ಮೇಲಿನ ತಗಡನ್ನು ಸೆರಗಿನಿಂದ ಒರೆಸುತ್ತಾ, ಮುಂದಿನ ರಸ್ತೆಯನ್ನೇ ನೋಡುತ್ತಾ ಕೇಳಿದಳು:

"ಇಲ್ಲಿಂದ ಪಾಳ್ಯ ಎಷ್ಟು ದೂರ ಆಯ್ತದೆ ಅಮ್ಮಾವ್ರೆ?"

ಹೇಮಶ್ರೀ ಬಗ್ಗಿ ಮೀಟರು ನೋಡಿ ನೋಟ್‌ಬುಕ್ ತೆರೆದರು. ಸೇತುವೆಯ ಬಳಿ 38,614.2 ಮೈಲಿ. ಗೇಟಿನ ಬಳಿ 38,614.9. ಅದರ ಕೆಳಗೆ ‘ಪಾಳ್ಯ’ ಎಂದು ಬರೆದು, ಅಂಕಿಯ ಜಾಗ ಖಾಲಿ ಬಿಟ್ಟು, ಗೇರ್ ಹಾಕಿದರು.